ಫೋಟೋಗೆ ಜಾಗದ ಗುರುತು ಹಾಕುವುದು: ಕಕ್ಕಬ್ಬೆಯಲ್ಲಿ ಕಲಿತದ್ದು, ದೊಡ್ಡಪ್ಪನ ತೋಟದಲ್ಲಿ ಕಲಿತದ್ದು

ಯಾರು ಬೇಕಾದರೂ ಫೋಟೋ ಹಾಕಿ, ಬಳಸಬಹುದಾದ ಮುಕ್ತ ಭಂಡಾರ ವಿಕಿಮೀಡಿಯ ಕಾಮನ್ಸ್‌ನಲ್ಲಿ ಕೊಡಗಿನ ಫೋಟೋಗಳನ್ನು ಹುಡುಕಿದಾಗ ನನಗೆ ಬೇಜಾರಾಗಿದ್ದು ಒಂದೇ ವಿಷಯಕ್ಕೆ. ಎಷ್ಟೋ ಫೋಟೋಗಳ ಕೆಳಗೆ ‘ಕೂರ್ಗ್’ ಅಂತ ಮಾತ್ರ ಇರುತ್ತದೆ. ಯಾವ ಬೆಟ್ಟ, ಯಾವ ಊರು, ಏನೂ ಗೊತ್ತಾಗಲ್ಲ. ಹಾಗಾಗಿ ನಾನು ಹಾಕುವ ಪ್ರತಿ ಫೋಟೋಗೂ ಅಕ್ಷಾಂಶ, ರೇಖಾಂಶ ಸೇರಿಸಬೇಕು ಅಂತ ಶುರು ಮಾಡಿದೆ.

ನನ್ನ ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ. ಫೋನಿನಲ್ಲಿ ಓಸ್ಮ್ಆ್ಯಂಡ್ ಅನ್ನೋ ನಕ್ಷೆಯ ಆ್ಯಪ್ ಹಾಕಿಕೊಂಡು, ನಡೆದ ದಾರಿಯನ್ನು ಜಾಗ, ಸಮಯ ಎರಡೂ ಇರುವ ಜಿಪಿಎಕ್ಸ್ ಫೈಲಾಗಿ ಉಳಿಸುತ್ತೇನೆ. ಮನೆಗೆ ಬಂದ ಮೇಲೆ ಡಿಜಿಕ್ಯಾಮ್ ಅನ್ನೋ ತಂತ್ರಾಂಶ ಫೋಟೋದ ಸಮಯವನ್ನೂ ಆ ದಾರಿಯ ಸಮಯವನ್ನೂ ತಾಳೆ ನೋಡಿ, ಜಾಗವನ್ನು ಫೋಟೋದೊಳಗೇ ಬರೆಯುತ್ತದೆ. ಎರಡೂ ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ನಮ್ಮ ಬೆಟ್ಟಗಳಲ್ಲಿ ರೇಂಜ್ ಸಿಗಲ್ಲ ಅಂತ ಹೆದರಬೇಡಿ. ಜಿಪಿಎಸ್‌ಗೆ ಬೇಕಾಗಿರೋದು ಉಪಗ್ರಹ, ಮೊಬೈಲ್ ಟವರ್ ಅಲ್ಲ. ಆದರೆ ಇಂಟರ್ನೆಟ್ ಇಲ್ಲದ ಕಡೆ ಮೊದಲ ಸಲ ಜಾಗ ಹಿಡಿಯೋಕೆ ಜಾಸ್ತಿ ಹೊತ್ತು ಬೇಕು. ಅದಕ್ಕೇ ನಾನು ಪೇಟೆ ಬಿಡುವ ಮುಂಚೆಯೇ ಆನ್ ಮಾಡಿಬಿಡುತ್ತೇನೆ.

ಮೊದಲ ಪ್ರಯೋಗ ಕಕ್ಕಬ್ಬೆಯ ಹತ್ತಿರ, ನಾಲ್ಕುನಾಡು ಅರಮನೆಯಲ್ಲಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ಅರಮನೆ ಅದು. ಬೆಳಿಗ್ಗೆ ಒಂಬತ್ತೂವರೆಗೆ ಅಂಗಳದಲ್ಲಿ ನಿಂತು ಅರಮನೆಯನ್ನೂ, ಹಿಂದೆ ಎದ್ದು ನಿಂತ ತಡಿಯಂಡಮೋಳ್ ಕಡೆಯ ಬೆಟ್ಟಸಾಲನ್ನೂ ತೆಗೆದೆ. ಮೇಲೆ ಹತ್ತುವಾಗ ಮಂಜು ಮುಸುಕಿತು, ಅರ್ಧ ದಾರಿಗೇ ವಾಪಸ್.

ರಾತ್ರಿ ಕಂಪ್ಯೂಟರ್‌ನಲ್ಲಿ ನೋಡಿದರೆ ಅರಮನೆಯ ಫೋಟೋಗಳೆಲ್ಲ ವಿರಾಜಪೇಟೆ ರಸ್ತೆಯ ಮೇಲೆ ಬಿದ್ದಿದ್ದವು! ಮಧ್ಯಾಹ್ನದ ಫೋಟೋಗಳಿಗಂತೂ ಜಾಗವೇ ಸಿಕ್ಕಿರಲಿಲ್ಲ. ಕಾರಣ ಹುಡುಕೋಕೆ ಎರಡು ರಾತ್ರಿ ಹೋಯಿತು. ಜಿಪಿಎಕ್ಸ್ ಫೈಲಿನಲ್ಲಿ ಸಮಯ ಇರುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ. ನನ್ನ ಕ್ಯಾಮೆರಾದಲ್ಲಿ ಇರುವುದು ನಮ್ಮ ಭಾರತದ ಸಮಯ. ನಡುವೆ ಐದೂವರೆ ಗಂಟೆ ಅಂತರ. ಕ್ಯಾಮೆರಾದ ಒಂಬತ್ತೂವರೆಯನ್ನೂ ತಂತ್ರಾಂಶ ಯುಟಿಸಿ ಅಂತಲೇ ಓದಿ, ಆ ಫೋಟೋ ನಮ್ಮ ಮಧ್ಯಾಹ್ನ ಮೂರು ಗಂಟೆಯದ್ದು ಅಂದುಕೊಂಡಿತ್ತು. ಮೂರು ಗಂಟೆಗೆ ನಾನು ಬಸ್ಸಿನಲ್ಲಿದ್ದೆ. ಡಿಜಿಕ್ಯಾಮ್‌ನಲ್ಲಿ ಕ್ಯಾಮೆರಾದ ಕಾಲವಲಯ +5:30 ಅಂತ ಕೊಟ್ಟ ತಕ್ಷಣ ಎಲ್ಲ ಫೋಟೋಗಳೂ ಕಕ್ಕಬ್ಬೆಗೆ ಹಿಂದಿರುಗಿದವು.

ಆದರೂ ಸಣ್ಣ ತಪ್ಪು ಉಳಿದಿತ್ತು. ಕ್ಯಾಮೆರಾ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಕಾಡಿನ ದಾರಿಯಲ್ಲಿ ನಾಲ್ಕು ನಿಮಿಷ ಅಂದರೆ ಎರಡು ತಿರುವು ದಾಟಿರುತ್ತೇವೆ, ಅಲ್ವಾ? ಈಗ ಹೊರಡುವ ಮುಂಚೆ ಫೋನಿನ ಗಡಿಯಾರ ಸೆಕೆಂಡಿನ ಸಮೇತ ಕಾಣುವ ಹಾಗೆ ಇಟ್ಟು, ಕ್ಯಾಮೆರಾದಲ್ಲಿ ಒಂದು ಫೋಟೋ ಹೊಡೆದುಕೊಳ್ಳುತ್ತೇನೆ. ಎಷ್ಟು ವ್ಯತ್ಯಾಸ ಅಂತ ಅದರಲ್ಲೇ ಸಿಗುತ್ತದೆ. ಇಷ್ಟು ವರ್ಷದಲ್ಲಿ ಇದಕ್ಕಿಂತ ಉಪಯೋಗದ ಅಭ್ಯಾಸ ಇನ್ನೊಂದನ್ನು ನಾನು ಕಲಿತಿಲ್ಲ.

ಇನ್ನೊಂದು ಪಾಠ ಕಲಿಸಿದ್ದು ಮುಖ ನೋಡದ, ಕಾಮನ್ಸ್‌ನ ಒಬ್ಬ ಸ್ವಯಂಸೇವಕರು. ಬೆಟ್ಟದ ಫೋಟೋಗೆ ನಾನು 1,748 ಮೀಟರ್ ಎತ್ತರದ ತಡಿಯಂಡಮೋಳ್ ತುದಿಯ ಗುರುತನ್ನೇ ಹಾಕಿದ್ದೆ. ಅವರು ಸಮಾಧಾನವಾಗಿ ಬರೆದರು: ‘ಕ್ಯಾಮೆರಾ ಇದ್ದ ಜಾಗ ಬೇರೆ, ಚಿತ್ರದಲ್ಲಿರುವ ವಸ್ತುವಿನ ಜಾಗ ಬೇರೆ. ಎರಡಕ್ಕೂ ಬೇರೆ ಬೇರೆ ಟೆಂಪ್ಲೇಟ್ (ವಿವರ ತುಂಬುವ ಅಚ್ಚು) ಇದೆ.’ ನಿಜ. ನಾನು ನಿಂತಿದ್ದು ಅರಮನೆಯ ಅಂಗಳದಲ್ಲಿ. ನಾಳೆ ಯಾರಾದರೂ ಅದೇ ನೋಟವನ್ನು ಮತ್ತೆ ತೆಗೆದು, ಕಾಡು ಎಷ್ಟು ಬದಲಾಗಿದೆ ಅಂತ ಹೋಲಿಸಬೇಕಾದರೆ ನಿಂತ ಜಾಗ ಗೊತ್ತಿರಲೇಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ನೋಡಿದ ನಮಗೆ ಅದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಸರಿಯಾಗಿ ಬಂದ ಮೇಲೆ ನಾನು ದೊಡ್ಡ ತಪ್ಪು ಮಾಡಿದೆ. ಭಾಗಮಂಡಲದ ಕಡೆ ಇರುವ ದೊಡ್ಡಪ್ಪನ ತೋಟದಲ್ಲಿ ಒಂದು ತೊರೆ ಇದೆ. ಬಂಡೆಯ ಮೇಲಿಂದ ಎರಡಾಳು ಎತ್ತರ ಧುಮುಕುತ್ತದೆ, ಅಷ್ಟೇ. ಅದರ ಫೋಟೋ ಹಾಕಿದೆ. ದಶಮಾಂಶದ ನಂತರ ಐದು ಅಂಕಿ, ಅಂದರೆ ಸುಮಾರು ಒಂದು ಮೀಟರ್ ಲೆಕ್ಕದ ಗುರುತು. ತಿಂಗಳೊಳಗೆ ತೋಟದ ಗೇಟಿನ ಮುಂದೆ ಗುರುತಿಲ್ಲದವರ ಕಾರು ನಿಲ್ಲತೊಡಗಿದವು. ‘ಇಲ್ಲಿ ಫಾಲ್ಸ್ ಇದೆಯಂತಲ್ಲ?’ ಅಂತ ಕೇಳುತ್ತಿದ್ದರಂತೆ. ದೊಡ್ಡಪ್ಪ ಬೈಯಲಿಲ್ಲ. ಫೋನ್ ಮಾಡಿ, ‘ಅದು ನೀನು ಹಾಕಿದ ಫೋಟೋನಾ ಮಗ?’ ಅಂದರು. ಇವತ್ತಿಗೂ ಆ ಮಾತು ನೆನಪಾದರೆ ಸಂಕಟ ಆಗುತ್ತದೆ.

ಸರಿಪಡಿಸೋಕೆ ಹೋದಾಗ ಗೊತ್ತಾಯಿತು, ಹೊಸ ಫೋಟೋ ಹಾಕಿದರೂ ಹಳೆಯ ಆವೃತ್ತಿ ಇತಿಹಾಸದಲ್ಲಿ ಹಾಗೇ ಉಳಿದಿರುತ್ತದೆ, ಒಳಗಿನ ಜಿಪಿಎಸ್ ಸಮೇತ. ಕಾಮನ್ಸ್‌ನ ನಿರ್ವಾಹಕರಿಗೆ ವಿಷಯ ಹೇಳಿ ಅದನ್ನು ಮರೆ ಮಾಡಿಸಿದೆ. ಅಷ್ಟರೊಳಗೆ ಯಾರಾದರೂ ಇಳಿಸಿಕೊಂಡಿದ್ದರೆ ಅದನ್ನು ಹಿಂದೆ ತರೋಕೆ ಆಗಲ್ಲ. ಯಾರು ಬೇಕಾದರೂ ಬಳಸಲಿ ಅಂತ ಮುಕ್ತ ಪರವಾನಗಿ ಕೊಟ್ಟವನು ನಾನೇ.

ಅಂದಿನಿಂದ ಖಾಸಗಿ ತೋಟ, ಮನೆ, ಕೊಡವರ ಹಿರಿಯರ ಕಾಲದ ಕುಟುಂಬದ ಮನೆಗಳಾದ ಐನ್‌ಮನೆಗಳ ಒಳಗಿನ ಫೋಟೋಗೆ ತಾಲೂಕಿನ ಹೆಸರು ಮಾತ್ರ. ಫೋಟೋದೊಳಗಿನ ವಿವರ ತಿದ್ದುವ ಎಕ್ಸಿಫ್‌ಟೂಲ್ ಅನ್ನೋ ತಂತ್ರಾಂಶದಲ್ಲಿ ಒಂದು ಸಾಲು ಕೊಟ್ಟರೆ ಜಿಪಿಎಸ್ ಮಾತ್ರ ಅಳಿಸುತ್ತದೆ, ತಾರೀಕು ಉಳಿಯುತ್ತದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ಒಳಗಿನ ಗಿಡಗಳ ಫೋಟೋಗೂ ಇದೇ ನಿಯಮ. ಗಿಡ, ಪ್ರಾಣಿಗಳ ಫೋಟೋ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ನವರು ಅಪಾಯದಲ್ಲಿರುವ ಜೀವಿಗಳ ಜಾಗವನ್ನು ತಾವೇ ಮಸುಕು ಮಾಡಿ, 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುತ್ತಾರೆ. ಇಲ್ಲಿ ಒಂದು ಡಿಗ್ರಿ ಅಂದರೆ 110 ಕಿಲೋಮೀಟರ್ ಆಸುಪಾಸು, ಹಾಗಾಗಿ ಅದು ಇಪ್ಪತ್ತೆರಡು ಕಿಲೋಮೀಟರ್ ಅಗಲದ ಚೌಕ. ಆ ಎಚ್ಚರ ನನಗೆ ತುಂಬ ಇಷ್ಟ. ಫೋಟೋ ಕಳಿಸುವಾಗಲೂ ನೆನಪಿಡಿ: ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಜಾಗದ ಗುರುತು ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗಿ ತಲುಪುತ್ತದೆ.

ಮಳೆ ಶುರುವಾಗುವ ಹೊತ್ತಿಗೆ ದೊಡ್ಡಪ್ಪನೇ ಕರೆದರು. ಹಲಸಿನ ಮರದಲ್ಲಿ ಸೀತಾಳೆ ದಂಡೆ ಆರ್ಕಿಡ್ ಹೂ ಗೊಂಚಲು ಗೊಂಚಲಾಗಿ ಇಳಿಬಿದ್ದಿತ್ತು. ಗೇಟಿನಲ್ಲೇ ಫೋನ್ ತೆಗೆದು, ದಾರಿ ದಾಖಲಾಗುವುದನ್ನು ನಿಲ್ಲಿಸಿ, ಅವರಿಗೂ ತೋರಿಸಿ ಒಳಗೆ ಹೋದೆ.