ರಾ ಫೈಲ್‌ಗಳನ್ನು ಡಿಎನ್‌ಜಿಗೆ ಬದಲಾಯಿಸಿದ ಬಗೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಭಾಗದ ಯಕ್ಷಗಾನ, ತೆಯ್ಯಂ (ದೈವದ ವೇಷ ಕಟ್ಟಿ ಕುಣಿಯುವ ಆಚರಣೆ) ಮತ್ತು ಮದುವೆಗಳಲ್ಲಿ ನಾನು ತೆಗೆದ ರಾ ಫೈಲ್‌ಗಳು (ಕ್ಯಾಮೆರಾದ ಸಂವೇದಕ ಕಂಡದ್ದನ್ನು ಸಂಸ್ಕರಿಸದೆ ಉಳಿಸಿದ ಫೈಲ್‌ಗಳು) ಈಗ ಡಿಎನ್‌ಜಿ ಎಂಬ ಅಡೋಬಿಯ ರಾ ರೂಪದಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿವೆ. "ನೆಗೆಟಿವ್ ಸುಟ್ಟು ಝೆರಾಕ್ಸ್ ಇಟ್ಟುಕೊಂಡ ಹಾಗಾಯಿತಲ್ಲ ಮಾರಾಯ" ಎಂದು ಸ್ಟುಡಿಯೋ ಮಿತ್ರರು ತಮಾಷೆ ಮಾಡಿದ್ದರು. ಅವರೆದುರೇ ಒಂದು ರಾ ಫೈಲನ್ನೂ ಅದರ ಡಿಎನ್‌ಜಿಯನ್ನೂ ಲೈಟ್‌ರೂಮ್‌ನಲ್ಲಿ ಒಂದೇ ಪ್ರೊಫೈಲ್, ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು 16 ಬಿಟ್ ಟಿಫ್ ಚಿತ್ರ ಮಾಡಿ, ಫೋಟೋಶಾಪ್‌ನಲ್ಲಿ ಒಂದರ ಮೇಲೊಂದಿಟ್ಟು ವ್ಯತ್ಯಾಸವನ್ನು ಮಾತ್ರ ತೋರಿಸುವ ಡಿಫರೆನ್ಸ್ ಹಾಕಿದೆ. ಪರದೆ ಪೂರ್ತಿ ಕಪ್ಪಾಯಿತು, ಅಂದರೆ ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಲೆವೆಲ್ಸ್ ಎಷ್ಟು ಎಳೆದರೂ ಒಂದು ಚುಕ್ಕೆ ಕಾಣಿಸಲಿಲ್ಲ. ಆಮೇಲೆ ಯಾರೂ ಝೆರಾಕ್ಸಿನ ಮಾತೆತ್ತಿಲ್ಲ.

ಈ ಕೆಲಸಕ್ಕೆ ಕೈಹಾಕಿದ್ದು ದುಡ್ಡಿನ ಕಾರಣಕ್ಕೆ. ಮೊದಲು ಡಿವಿಡಿಗಳಲ್ಲಿ ಇಡುತ್ತಿದ್ದೆ. ನಮ್ಮ ಆಟಿಯ ಮಳೆಗೆ ಅವುಗಳ ಮೇಲೆ ಬೂಷ್ಟು ಬಂತು. ನಂತರ ಕೊಂಡ ಒಂದು ಹಾರ್ಡ್ ಡಿಸ್ಕ್ ಸತ್ತಾಗ, ಅದರಲ್ಲಿದ್ದುದನ್ನು ತೆಗೆದುಕೊಡಲು ಇಪ್ಪತ್ತು ಸಾವಿರದ ಮೇಲೆ ಕೇಳಿದರು. ಅಷ್ಟು ಹಣಕ್ಕೆ ಆಗ ಎರಡು 4 ಟಿಬಿ ಡಿಸ್ಕ್ ಬರುತ್ತಿತ್ತು. ಇದ್ದ ರಾಶಿಯೋ ಮೂರು ಟಿಬಿ ದಾಟಿತ್ತು, ಬೆಳೆಯುತ್ತಲೂ ಇತ್ತು.

ಅಡೋಬಿ 2004ರಲ್ಲಿ ಹೊರತಂದ ಡಿಎನ್‌ಜಿ, ಟಿಫ್‌ನ ಬುನಾದಿಯ ಮೇಲೆ ನಿಂತಿರುವ, ವಿವರಣೆ ಬಹಿರಂಗವಾಗಿರುವ ರೂಪ; ಚಿತ್ರದ ವಿವರ ಕಳೆಯದೆ ಕುಗ್ಗಿಸಿ ಈ ರೂಪಕ್ಕೆ ಬದಲಾಯಿಸುವ ತಂತ್ರಾಂಶ, ಕನ್ವರ್ಟರ್, ಉಚಿತ. ಆದರೆ ಮೊದಲ ಸುತ್ತು ಪೂರ್ತಿ ವ್ಯರ್ಥವಾಯಿತು. ಸುರಕ್ಷತೆಗೆಂದು ಮೂಲ ರಾ ಫೈಲನ್ನೂ ಒಳಗೇ ಸೇರಿಸುವ ಆಯ್ಕೆ ಹಾಕಿದಾಗ ಗಾತ್ರ ಇಳಿಯುವ ಬದಲು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಎರಡನೆಯ ಸುತ್ತಿನಲ್ಲಿ ಯುಎಸ್‌ಬಿ ಹಬ್ ಮೂಲಕ ಬರೆಯುವಾಗ ಕರೆಂಟ್ ಹೋಗಿ ಅರ್ಧ ಬರೆದ ಫೈಲ್‌ಗಳು ಉಳಿದವು. ಈಗ ಮೊದಲು ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಗೆ ಬರೆಸಿ, ಲೈಟ್‌ರೂಮ್‌ನಲ್ಲಿ ಡಿಎನ್‌ಜಿ ವ್ಯಾಲಿಡೇಟ್ ಮಾಡಿ (ಫೈಲು ಸರಿಯಿದೆಯೇ ಎಂದು ಪರೀಕ್ಷಿಸಿ), ನಂತರವೇ ಎರಡು ಡಿಸ್ಕ್‌ಗಳಿಗೆ ನಕಲಿಸುತ್ತೇನೆ. ಕನ್ವರ್ಟರ್ ಪ್ರತಿ ಫೈಲಿನೊಳಗೂ ಚಿತ್ರದತ್ತಾಂಶದ ಚೆಕ್‌ಸಮ್ (ಆಮೇಲೆ ಹೊಂದಿಸಿ ನೋಡಲು ಒಂದು ಗುರುತು ಸಂಖ್ಯೆ) ಬರೆಯುವುದರಿಂದ ವರ್ಷಗಳ ನಂತರವೂ ಹಾಳಾಗಿದೆಯೇ ಎಂದು ಫೈಲೇ ಹೇಳುತ್ತದೆ. ನನ್ನ ಮಟ್ಟಿಗೆ ಗಾತ್ರಕ್ಕಿಂತಲೂ ದೊಡ್ಡ ಲಾಭ ಇದು.

ಉಳಿತಾಯ ಎಲ್ಲ ಕ್ಯಾಮೆರಾಗಳಲ್ಲೂ ಒಂದೇ ಅಲ್ಲ. ಸೋನಿ ಎ7 ತ್ರೀಯ ಅನ್‌ಕಂಪ್ರೆಸ್ಡ್ (ಕುಗ್ಗಿಸದ) ಫೈಲು 47 ಎಂಬಿಯ ಆಸುಪಾಸು ಇದ್ದದ್ದು ಹಗಲಿನ ಮದುವೆ ಚಿತ್ರಗಳಲ್ಲಿ 22ಕ್ಕೆ ಇಳಿಯಿತು. ಸೂಟೆಯ (ಪಂಜಿನ) ಬೆಳಕಿನಲ್ಲಿ ಕ್ಯಾಮೆರಾದ ಸೂಕ್ಷ್ಮತೆ ಏರಿಸಿ ಐಎಸ್‌ಒ 6400ರಲ್ಲಿ ತೆಗೆದ ತೆಯ್ಯಂ ಚಿತ್ರಗಳು ಮಾತ್ರ 28ರ ಹತ್ತಿರ ನಿಂತವು. ಕತ್ತಲೆಯ ನಾಯ್ಸ್ (ಚಿತ್ರದಲ್ಲಿ ಏಳುವ ಕಾಳುಕಾಳು) ಕುಗ್ಗುವ ಜಾತಿಯದಲ್ಲ. ಹಳೆಯ ನಿಕಾನ್ ಡಿ90ರ ಫೈಲ್‌ಗಳು ಕ್ಯಾಮೆರಾದಲ್ಲೇ ಕುಗ್ಗಿ ಬರುವುದರಿಂದ ಅಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಒಟ್ಟಿನಲ್ಲಿ ಮೂರು ಟಿಬಿಯಷ್ಟಿದ್ದುದು ಎರಡರ ಒಳಗೆ ಬಂತು.

ಎಷ್ಟು ಹಳೆಯ ತಂತ್ರಾಂಶದವರೆಗೆ ಫೈಲು ತೆರೆಯಬೇಕೆಂದು ಹೇಳುವ ಕಂಪ್ಯಾಟಿಬಿಲಿಟಿಯಲ್ಲಿ ನಾನು ಇಟ್ಟಿರುವುದು ಕ್ಯಾಮೆರಾ ರಾ 7.1. ಹೊಸ ಆವೃತ್ತಿಯ ಜೆಪೆಗ್ ಎಕ್ಸ್‌ಎಲ್ ಎಂಬ ಕುಗ್ಗಿಸುವ ಆಯ್ಕೆಯನ್ನೂ ಪರೀಕ್ಷಿಸಿದೆ. ಫೈಲು ಇನ್ನಷ್ಟು ಸಣ್ಣದಾಗುವುದು ನಿಜವಾದರೂ ನನ್ನ ಹಳೆಯ ಲ್ಯಾಪ್‌ಟಾಪ್‌ನ ತಂತ್ರಾಂಶ ಅದನ್ನು ತೆರೆಯಲಿಲ್ಲ, ಹಳೆಯದರಲ್ಲಿ ತೆರೆಯದ್ದನ್ನು ಆರ್ಕೈವ್ ಎನ್ನಲು ನನಗೆ ಮನಸ್ಸಿಲ್ಲ. ಒಂದಿಷ್ಟು ವಿವರ ಬಿಟ್ಟು ಕುಗ್ಗಿಸುವ ಲಾಸಿ ಡಿಎನ್‌ಜಿಯಲ್ಲಿ ಗಾತ್ರ ಕಾಲುಭಾಗಕ್ಕೆ ಇಳಿದು ಆಸೆ ಹುಟ್ಟಿತ್ತು. ಆದರೆ ತೆಯ್ಯಂನ ಮುಖದ ಕೆಂಪು ಬಣ್ಣಗಾರಿಕೆಯಲ್ಲಿ ನೆರಳಿನ ಭಾಗವನ್ನು ಎರಡು ಸ್ಟಾಪ್ (ನಾಲ್ಕು ಪಟ್ಟು ಬೆಳಕು) ಎತ್ತಿದ ಕೂಡಲೇ ಕೆನ್ನೆಯ ಸಪೂರ ಗೆರೆಗಳು ಕಲಸಿ, ಅವುಗಳ ಸುತ್ತ ತೇಪೆ ಹಾಕಿದಂತಹ ಚೌಕಗಳು ಎದ್ದವು. ಮದುವೆಯ ಊಟದ ಚಿತ್ರಗಳಿಗೆ ಮಾತ್ರ ಅದನ್ನು ಬಳಸುತ್ತೇನೆ; ಎಲೆಯೆದುರು ಕೂತವರ ನೆರಳನ್ನು ಎತ್ತಿ ನೋಡುವವರು ಯಾರೂ ಇಲ್ಲ.

ಪರಿವರ್ತನೆಯಾದ ಫೈಲಿಗೆ ಹೊಸ ತಾರೀಖು ಬಿದ್ದು ಫೋಲ್ಡರಿನ ಕ್ರಮ ಕೆಡುತ್ತದೆ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಚಿತ್ರ ತೆಗೆದ ಸಮಯವನ್ನೇ ಫೈಲಿನ ಸಮಯವಾಗಿ ಬರೆಸಿದರೆ ಸರಿಹೋಗುತ್ತದೆ. ಕ್ಯಾಮೆರಾವಾರು, ಐಎಸ್‌ಒವಾರು ವಿಂಗಡಿಸಿ ರಾತ್ರಿಯಿಡೀ ತಾನಾಗಿಯೇ ನಡೆಯುವ ನನ್ನ ಬ್ಯಾಚ್ ಫೈಲನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಕೆಲವು ವಿಷಯಗಳು ಅಂಗಡಿಯೊಳಗೇ ಇರಲಿ.

ನಿಕಾನಿನ ಎನ್‌ಎಕ್ಸ್ ಸ್ಟುಡಿಯೋದಂತಹ ಕಂಪೆನಿಯ ಸ್ವಂತ ತಂತ್ರಾಂಶದಲ್ಲೇ ಕೆಲಸ ಮಾಡುವವರು ಈ ದಾರಿಗೆ ಬರಬಾರದು, ಅದು ಡಿಎನ್‌ಜಿ ತೆರೆಯುವುದಿಲ್ಲ. ಮಿತ್ರರೊಬ್ಬರ ಫ್ಯೂಜಿಯ ಎಕ್ಸ್-ಟ್ರಾನ್ಸ್ ಸಂವೇದಕದ ಕ್ಯಾಮೆರಾ ಫೈಲ್‌ಗಳನ್ನು ಲೀನಿಯರ್ ಆಯ್ಕೆಯಲ್ಲಿ ಹಾಕಿ ನೋಡಿದಾಗ ಪ್ರತಿ ಪಿಕ್ಸೆಲ್‌ಗೂ ಮೂರು ಬಣ್ಣದ ಮೌಲ್ಯ ಸೇರಿ ಒಂದೊಂದೂ ಎರಡು-ಮೂರು ಪಟ್ಟು ಉಬ್ಬಿತು. ಅವರ ಡಿಸ್ಕನ್ನು ಸದ್ಯಕ್ಕೆ ಇದ್ದ ಹಾಗೆಯೇ ಹಿಂದಿರುಗಿಸಿದ್ದೇನೆ. ಲೀನಿಯರ್ ಬಿಟ್ಟು, ಪಿಕ್ಸೆಲ್‌ಗೆ ಒಂದೇ ಬಣ್ಣದ ಮೌಲ್ಯವಿರುವ ಮೊಸಾಯಿಕ್ ರೂಪದಲ್ಲೇ ಇನ್ನೊಮ್ಮೆ ಹಾಕಿ ನೋಡುವುದು ಬಾಕಿ ಇದೆ.