ವಾಲ್ವ್ ಕೊಳ್ಳುವಾಗ ಹೆಸರಿಗಿಂತ ರೀಡಿಂಗ್ ನೋಡಿ

ಧಾರವಾಡ, ಹುಬ್ಬಳ್ಳಿ, ಗದಗ ಅಂದರೆ ಗಾಯನ ಕೇಳುವವರ ಸೀಮೆ. ಇಲ್ಲಿ ವಾಲ್ವ್ (ಹಳೇ ರೇಡಿಯೊಗಳಲ್ಲಿ ಇರುತ್ತಿದ್ದ ಗಾಜಿನ ಟ್ಯೂಬ್) ಆಂಪ್ಲಿಫೈಯರ್ ಇಟ್ಟುಕೊಂಡವರು ಮೊದಲು ಕೇಳುವುದು, ಯಾವ ಕಂಪನಿಯದು ತಗೊಳ್ಳಲಿ ಅಂತ. ಅದನ್ನು ಕೊನೆಗೆ ಕೇಳಿ. ಸುಸ್ಥಿತಿಯಲ್ಲಿರುವ ಸಾಧಾರಣ ವಾಲ್ವ್, ಸವೆದ ದೊಡ್ಡ ಹೆಸರಿನ ವಾಲ್ವ್‌ಗಿಂತ ಯಾವಾಗಲೂ ಚೆನ್ನಾಗಿ ಹಾಡುತ್ತದೆ.

ಮೊದಲು ನಿಮ್ಮ ಆಂಪ್ಲಿಫೈಯರಿನಲ್ಲಿರುವ ವಾಲ್ವ್‌ನ ನಂಬರ್ ಬರೆದಿಟ್ಟುಕೊಳ್ಳಿ. ಒಂದೇ ವಾಲ್ವ್‌ಗೆ ಎರಡು ಹೆಸರಿರುತ್ತವೆ: ಯುರೋಪಿನ ಇಸಿಸಿ83 ಅಮೆರಿಕದಲ್ಲಿ 12ಎಎಕ್ಸ್7, ಇಎಲ್84 ಅಲ್ಲಿ 6ಬಿಕ್ಯೂ5. ಆದರೆ ಸಾಕೆಟ್‌ನಲ್ಲಿ ಕೂತಿತು ಅಂತ ಸುಮ್ನೆ ಹಾಕಬೇಡಿ. 6ಎಲ್6 ಇದ್ದ ಕಡೆ ಇಎಲ್34 ಕೂರುತ್ತದೆ, ಆದರೆ ಅದರ ಹೀಟರ್ (ಒಳಗಿನ ಕಾಯುವ ತಂತಿ) 0.9 ಆಂಪಿಯರ್ ಬದಲು 1.5 ಎಳೆಯುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗಬಹುದು.

ಆಮೇಲೆ ಕಣ್ಣಿಂದ ನೋಡಿ. ಗಾಜಿನ ಒಳಗೆ ಕನ್ನಡಿಯಂಥ ಬೆಳ್ಳಿ ಬಣ್ಣದ ಪದರ ಇರುತ್ತದೆ, ಅದು ಉಳಿದ ಗಾಳಿಯನ್ನು ಹೀರುವ ಬೇರಿಯಂ. ಅದು ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ಪಿನ್ನಿನ ಬುಡದಲ್ಲಿ ಗಾಜು ಸೀಳಿದೆಯಾ ನೋಡಿ. ಮೇಲಿನ ಅಚ್ಚು ಹೊಸದಾಗಿ ಹೊಳೆಯುತ್ತಿದೆ ಅಂತ ಮಾತ್ರ ನಂಬಬೇಡಿ, ಹಳೆಯದಕ್ಕೆ ಹೊಸ ಹೆಸರು ಹೊಡೆದು ಮಾರುವುದು ಸುಲಭ.

ಮುಖ್ಯವಾದದ್ದು ಅಳತೆ. ವಾಲ್ವ್ ಅಳೆಯುವ ಟೆಸ್ಟರ್ ಮೇಲೆ ಹಾಕಿದ ರೀಡಿಂಗ್ ಕೇಳಿ, ಕೊಡದಿದ್ದರೆ ಬೇರೆ ಅಂಗಡಿ ನೋಡಿ. ಒಳ್ಳೆಯ ಇಎಲ್84, 250 ವೋಲ್ಟ್‌ಗೆ ಕಂಪನಿಯ ಮಾಹಿತಿ ಪುಸ್ತಕದ ಪ್ರಕಾರ 48 ಮಿಲಿಆಂಪ್ ಆಸುಪಾಸು ಎಳೆಯಬೇಕು. ಇಸಿಸಿ83ರಲ್ಲಿ ಒಂದೇ ಗಾಜಿನಲ್ಲಿ ಎರಡು ಟ್ರಯೋಡ್ (ಅಂದರೆ ಎರಡು ಬಿಡಿ ವಾಲ್ವ್ ಇದ್ದಂತೆ) ಇರುತ್ತವೆ, ಎರಡರ ರೀಡಿಂಗೂ ಹತ್ತಿರ ಹತ್ತಿರ ಇರಬೇಕು. ಎರಡು ವಾಲ್ವ್ ಸರದಿಯಂತೆ ಎಳೆಯುವ ಪುಶ್-ಪುಲ್ ಆಂಪ್ಲಿಫೈಯರ್‌ಗೆ ಪವರ್ ವಾಲ್ವ್ (ಸ್ಪೀಕರ್ ನಡೆಸುವ ಇಎಲ್84, ಇಎಲ್34ನಂಥವು) ಜೋಡಿಯಾಗಿಯೇ ಕೊಳ್ಳಿ. ಜೋಡೆತ್ತಿನಲ್ಲಿ ಒಂದು ಸೋತರೆ ನೊಗ ಓರೆಯಾಗುತ್ತದಲ್ವಾ, ಇಲ್ಲೂ ಹಾಗೆಯೇ: ಒಂದು ಜಾಸ್ತಿ ಎಳೆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸಮತೋಲ ತಪ್ಪುತ್ತದೆ, ಕೆಳಸ್ವರ ಮಂಕಾಗುತ್ತದೆ, ಗುಂಯ್ ಸದ್ದು ಏಳುತ್ತದೆ.

ಈಗ ಕಂಪನಿ. ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೋವ್ ಕಾರ್ಖಾನೆಯವು, ಚೀನಾದವು, ಇವು ಹೊಸದಾಗಿ ತಯಾರಾಗುತ್ತಿವೆ. ನಮ್ಮದೇ ಬೆಂಗಳೂರಿನ ಬಿಇಎಲ್ (ಸರ್ಕಾರಿ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್) 1961ರಿಂದ ಫಿಲಿಪ್ಸ್ ಸಹಯೋಗದಲ್ಲಿ ವಾಲ್ವ್ ಮಾಡುತ್ತಿತ್ತು. ಹಳೇ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬಳಸದ ಬಿಇಎಲ್ ಡಬ್ಬಿ ಸಿಕ್ಕರೆ, ರೀಡಿಂಗ್ ಚೆನ್ನಾಗಿದ್ದರೆ, ಯೋಚನೆ ಮಾಡದೆ ತಗೊಳ್ಳಿ.

ಹಾಕಿದ ಮೇಲೆ ಬೈಯಾಸ್, ಅಂದರೆ ಹಾಡಿಲ್ಲದಾಗ ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕು ಅನ್ನುವ ಹೊಂದಿಕೆ, ಮರೆಯಬೇಡಿ. ಫಿಕ್ಸೆಡ್ ಬೈಯಾಸ್ (ಆ ಹೊಂದಿಕೆ ತಾನಾಗಿಯೇ ಆಗದ ಬಗೆ) ಇದ್ದರೆ ಪವರ್ ವಾಲ್ವ್ ಬದಲಿಸಿದಾಗಲೆಲ್ಲ ಹೊಂದಿಸಲೇಬೇಕು. ವಾಲ್ವ್ ಒಳಗಿನ ಲೋಹದ ಪ್ಲೇಟು ಕೆಂಪಾಗಿ ಕಾದರೆ ತಕ್ಷಣ ಆಫ್ ಮಾಡಿ. ಆಂಪ್ಲಿಫೈಯರ್ ಬಿಚ್ಚುವ ಕೆಲಸ ತಿಳಿದ ಮೆಕ್ಯಾನಿಕ್‌ಗೇ ಬಿಡಿ: ಒಳಗೆ 300 ವೋಲ್ಟ್‌ಗೂ ಮೇಲೆ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ, ಜೀವ ತೆಗೆಯುತ್ತದೆ.

ಕೊನೆಗೆ ಕೇಳಿ. ಆಂಪ್ಲಿಫೈಯರ್ ಬಿಸಿಯಾದ ಮೇಲೆ ಹಾಡು ಹಾಕದೆ ವಾಲ್ಯೂಮ್ ಸ್ವಲ್ಪ ಏರಿಸಿ ಸಣ್ಣ ವಾಲ್ವ್‌ಗಳನ್ನು (ಇಸಿಸಿ83ಯಂಥವು) ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆಯಂತೆ ಠಣ್ ಅಂದು ಎಳೆದರೆ ಅದನ್ನು ವಾಪಸ್ ಕೊಡಿ. ಆಮೇಲೆ ಗಂಗೂಬಾಯಿ ಹಾನಗಲ್ ಅವರ ರೆಕಾರ್ಡಿಂಗ್ ಹಾಕಿ. ಅವರ ದಪ್ಪ ಕಂಠ, ಹಿಂದೆ ತಂಬೂರಿಯ ಝೇಂಕಾರ. ಕಂಠ ಮುಂದೆ ನಿಂತು, ತಂಬೂರಿಯ ತಂತಿಗಳು ಬೇರೆ ಬೇರೆಯಾಗಿ ಕೇಳಿದರೆ ವಾಲ್ವ್ ಒಳ್ಳೆಯದು. ಎಲ್ಲ ಸೇರಿ ಮುದ್ದೆಯಾದರೆ ಅಲ್ಲ. ಇದನ್ನು ಅಳೆಯುವ ಯಂತ್ರ ನನಗೆ ಬೇಕಾಗಿಲ್ಲ, ಕಿವಿ ಸಾಕು.

ಮುಂದೆ ಯಾವಾಗಾದರೂ ಒಂದು ಕಡೆ ಸದ್ದು ಕುಗ್ಗಿದರೆ ಗಾಬರಿ ಬೇಡ. ಆಫ್ ಮಾಡಿ, ತಣ್ಣಗಾಗಲು ಬಿಡಿ, ಎಡ ಬಲದ ಸಣ್ಣ ವಾಲ್ವ್‌ಗಳನ್ನು ಅದಲು ಬದಲು ಮಾಡಿ. ದೋಷವೂ ಆ ಕಡೆಗೆ ಹೋದರೆ ಹಾಳಾದದ್ದು ವಾಲ್ವ್, ಹೋಗದಿದ್ದರೆ ತೊಂದರೆ ಬೇರೆಲ್ಲೋ ಇದೆ.