ಚಳಿಗಾಲದ ಲೆಕ್ಕ: ಬೇಸ್‌ಬಾಲ್ ಆಟಗಾರನ ಬೆಲೆಯನ್ನು ನಾನು ಕಟ್ಟುವ ಬಗೆ

ಅಮೆರಿಕದ ಬೇಸ್‌ಬಾಲ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಮುಗಿದ ಮರುದಿನವೇ ಅಭಿಮಾನಿಗಳ ಜಗಳ ಶುರುವಾಗುತ್ತದೆ. ಇವನನ್ನು ಉಳಿಸಿಕೊಳ್ಳಬೇಕಿತ್ತು, ಅವನಿಗೇಕೆ ಅಷ್ಟು ದುಡ್ಡು ಸುರಿದರು ಅಂತ. ಮುಕ್ಕಾಲು ಪಾಲು ವಾದ ನಡೆಯುವುದು ಕಳೆದ ಋತುವಿನ ಅಂಕಿಗಳ ಮೇಲೆ. ತಂಡ ದುಡ್ಡು ಕೊಟ್ಟು ಕೊಳ್ಳುವುದು ಮಾತ್ರ ಮುಂದಿನ ಋತುವನ್ನು. ಹಾಗಾಗಿ ಬಾಯಿ ಬಿಡುವ ಮುಂಚೆ ನಾನು ಸ್ಪ್ರೆಡ್‌ಶೀಟ್‌ನಲ್ಲಿ ಆಟಗಾರನಿಗೊಂದು ಸಾಲು ಹಾಕುತ್ತೇನೆ.

ಮೊದಲ ಹೆಜ್ಜೆ ಮುಂದಿನ ವರ್ಷದ ಅಂದಾಜು. ಬೇಸ್‌ಬಾಲ್ ಅಂಕಿತಜ್ಞ ಟಾಮ್ ಟ್ಯಾಂಗೋ ರೂಪಿಸಿದ ಮಾರ್ಸೆಲ್ ವಿಧಾನ ಸಾಕು. ಇದಕ್ಕಿಂತ ಸರಳ ಅಂದಾಜು ಇರಲಾರದು ಎಂದು ತೋರಿಸಲಿಕ್ಕೇ ಅದಕ್ಕೆ ಕೋತಿಯೊಂದರ ಹೆಸರಿಟ್ಟರು. ಕಳೆದ ಮೂರು ವರ್ಷಗಳಿಗೆ 5, 4, 3ರ ತೂಕ; ಮೇಲೆ 1,200 ಬ್ಯಾಟಿಂಗ್ ಸರದಿಗಳಷ್ಟು ಲೀಗ್‌ನ ಸರಾಸರಿ ಆಟ. ಮೂಲದಲ್ಲಿ ಇದನ್ನು ಹೋಮ್ ರನ್ (ಚೆಂಡನ್ನು ಮೈದಾನದಾಚೆ ಹೊಡೆಯುವುದು), ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್) ಎಂದು ಬಿಡಿಬಿಡಿಯಾಗಿ ಮಾಡುತ್ತಾರೆ. ನಾನು ಅಡ್ಡದಾರಿ ಹಿಡಿದು ಒಟ್ಟು ಬ್ಯಾಟಿಂಗ್ ಅಳೆಯುವ ಡಬ್ಲ್ಯುಆರ್‌ಸಿ ಪ್ಲಸ್ ಮೇಲೆಯೇ ಹಾಕುತ್ತೇನೆ. ಅದರಲ್ಲಿ 100 ಅಂದರೆ ಲೀಗ್ ಸರಾಸರಿ.

ಒಬ್ಬ ಕಾಲ್ಪನಿಕ ಲೆಫ್ಟ್ ಫೀಲ್ಡರ್, ವಯಸ್ಸು 31. ಈ ವರ್ಷ 650 ಸರದಿಯಲ್ಲಿ 130, ಹೋದ ವರ್ಷ 600ರಲ್ಲಿ 110, ಅದರ ಹಿಂದಿನ ವರ್ಷ 500ರಲ್ಲಿ 120. ತೂಕ ಹಾಕಿದರೆ 3,250, 2,400, 1,500. ಸರಾಸರಿಯ 1,200 ಸೇರಿ ಒಟ್ಟು 8,350. ಉತ್ತರ 118. ಅವನ ಅಭಿಮಾನಿಗಳು 130 ಎಂದು ಕೂಗುತ್ತಿರುತ್ತಾರೆ. ವ್ಯತ್ಯಾಸ ಅಲ್ಲೇ ಹುಟ್ಟುವುದು. ಎಷ್ಟು ಆಡುತ್ತಾನೆ? ಈ ವರ್ಷದ ಸರದಿಗಳ ಅರ್ಧ, ಹೋದ ವರ್ಷದ ಹತ್ತನೇ ಒಂದು, ಮೇಲೆ 200: 325, 60, 200 ಕೂಡಿ 585.

ಇನ್ನು ರನ್. ಒಂದು ಸರದಿಗೆ ಲೀಗ್‌ನಲ್ಲಿ ಸುಮಾರು 0.12 ರನ್ ಬರುತ್ತದೆ. ಅದರ ಶೇ 18ನ್ನು 585ರಿಂದ ಗುಣಿಸಿದರೆ ಸರಾಸರಿಗಿಂತ 12.6 ರನ್ ಹೆಚ್ಚು. ಫೀಲ್ಡಿಂಗ್‌ನಲ್ಲಿ ಅವನು 4 ರನ್ ಕಳೆಯುತ್ತಾನೆ ಅಂದುಕೊಳ್ಳಿ. ಸ್ಥಾನದ ಹೊಂದಾಣಿಕೆಗೆ (ಕಷ್ಟದ ಫೀಲ್ಡಿಂಗ್ ಸ್ಥಾನಕ್ಕೆ ರನ್ ಕೂಡಿಸಿ, ಸುಲಭದ್ದಕ್ಕೆ ಕಳೆಯುವುದು) ಫ್ಯಾನ್‌ಗ್ರಾಫ್ಸ್ ಎಂಬ ಅಂಕಿಅಂಶ ತಾಣದ ಪಟ್ಟಿ ಬಳಸುತ್ತೇನೆ. ಪೂರ್ಣ ಋತುವಿಗೆ ಕ್ಯಾಚರ್‌ಗೆ +12.5, ಶಾರ್ಟ್‌ಸ್ಟಾಪ್‌ಗೆ +7.5, ಸೆಂಟರ್ ಫೀಲ್ಡ್, ಸೆಕೆಂಡ್ ಮತ್ತು ಥರ್ಡ್ ಬೇಸ್‌ಗೆ +2.5, ಲೆಫ್ಟ್ ಮತ್ತು ರೈಟ್ ಫೀಲ್ಡ್‌ಗೆ −7.5, ಫಸ್ಟ್ ಬೇಸ್‌ಗೆ −12.5, ಬರೀ ಬ್ಯಾಟ್ ಬೀಸುವ ಡಿಎಚ್‌ಗೆ −17.5. ನಮ್ಮವನಿಗೆ 585 ಸರದಿಗೆ −6.3. ಕೊನೆಗೆ, ಕನಿಷ್ಠ ಸಂಬಳಕ್ಕೆ ಸಿಗುವ ಬದಲಿ ಆಟಗಾರನಿಗೂ ಸರಾಸರಿಯವನಿಗೂ ಇರುವ ಅಂತರ 600 ಸರದಿಗೆ ಸುಮಾರು 20 ರನ್, ಇಲ್ಲಿ 19.5. ಎಲ್ಲ ಕೂಡಿ 21.8. ಹತ್ತು ರನ್‌ಗೆ ಒಂದು ಗೆಲುವು, ಅಂದರೆ 2.2 ವಾರ್ (ಬದಲಿ ಆಟಗಾರನಿಗಿಂತ ಹೆಚ್ಚಾಗಿ ತರುವ ಗೆಲುವುಗಳ ಲೆಕ್ಕ).

'ಇವನನ್ನೇ ಸೆಂಟರ್ ಫೀಲ್ಡ್‌ಗೆ ಹಾಕಿದರೆ 10 ರನ್ ಪುಕ್ಕಟೆ' ಎನ್ನುವವರು ಪ್ರತಿ ವರ್ಷ ಇರುತ್ತಾರೆ. ಅಲ್ಲಿ ಅವನನ್ನು ಹೋಲಿಸುವುದು ಇನ್ನೂ ಚುರುಕಾದ ಫೀಲ್ಡರ್‌ಗಳ ಜೊತೆ. −4 ಇದ್ದದ್ದು −14ರ ಹತ್ತಿರ ಹೋಗುತ್ತದೆ, ಲಾಭ ಸೊನ್ನೆ. ತಿರುಗಿ ನೋಡಿದರೆ, ಲೆಫ್ಟ್ ಫೀಲ್ಡ್‌ನಲ್ಲಿ 15 ರನ್ ಕಳೆಯುವವನು ಅಲ್ಲಿ 1.1 ವಾರ್, ಡಿಎಚ್ ಆಗಿ 1.7. ಅಂಥವನ ಗ್ಲೌಸ್ ಕಿತ್ತುಕೊಳ್ಳುವುದೇ ಲಾಭ. ಭಾರೀ ಹೊಡೆತಗಾರ ಕೈಲ್ ಶ್ವಾರ್ಬರ್ 2023ರಲ್ಲಿ 47 ಹೋಮ್ ರನ್ ಹೊಡೆದೂ ವಾರ್‌ನಲ್ಲಿ ಸಾಧಾರಣನಾಗಿ ಉಳಿದದ್ದಕ್ಕೆ ಲೆಫ್ಟ್ ಫೀಲ್ಡೇ ದೊಡ್ಡ ಕಾರಣ.

ಶ್ವಾರ್ಬರ್‌ನದೇ ಇನ್ನೊಂದು ಪಾಠ. 2020ರ 60 ಪಂದ್ಯಗಳ ಕಿರು ಋತುವಿನಲ್ಲಿ ಅವನ ಬ್ಯಾಟಿಂಗ್ ಸರಾಸರಿ ಕಳಪೆ .188; ಡಿಸೆಂಬರ್‌ನಲ್ಲಿ ಚಿಕಾಗೋ ಕಬ್ಸ್ ಒಪ್ಪಂದ ಕೊಡದೆ ಬಿಟ್ಟಿತು. ಮಾರ್ಸೆಲ್‌ನಲ್ಲಿ ಆ ಋತುವಿನ ಸುಮಾರು 220 ಸರದಿಗೆ 5ರ ತೂಕ ಕೊಟ್ಟರೂ 1,100 ಅಷ್ಟೆ; 2019ರ 600ಕ್ಕೂ ಹೆಚ್ಚು ಸರದಿಗೆ 4ರ ತೂಕದಲ್ಲೇ 2,400 ದಾಟುತ್ತದೆ, ಆ ವರ್ಷ 38 ಹೋಮ್ ರನ್. ವಾಷಿಂಗ್ಟನ್ ತಂಡ ಅವನನ್ನು ಒಂದು ವರ್ಷಕ್ಕೆ 1 ಕೋಟಿ ಡಾಲರ್‌ಗೆ ಎತ್ತಿಕೊಂಡಿತು. ಆರ್ಬಿಟ್ರೇಷನ್ ಹಂತದ (ತಂಡಕ್ಕೂ ಆಟಗಾರನಿಗೂ ಹೊಂದದಿದ್ದರೆ ಸಂಬಳವನ್ನು ಮಧ್ಯಸ್ಥರು ನಿರ್ಧರಿಸುವ) ಆಟಗಾರನನ್ನು ಬಿಡಬೇಕೇ ಎಂದು ನೋಡುವಾಗ ಸರದಿಗಳ ಸಂಖ್ಯೆಯ ಕಾಲಂ ಮೊದಲು ನೋಡಿ. ಆರ್ಬಿಟ್ರೇಷನ್ ಸಂಬಳ ಹೋಮ್ ರನ್, ಆರ್‌ಬಿಐ (ಹೊಡೆದು ತಂದ ರನ್), ಸೇವ್‌ಗಳಂಥ (ಕೊನೆಗೆ ಎಸೆದು ಕಾಯ್ದ ಗೆಲುವು) ಹಳೇ ಎಣಿಕೆಗಳಿಗೆ ಒಲಿಯುತ್ತದೆ. ಹಾಗಾಗಿ ಬೆಲೆಗಿಂತ ಸಂಬಳ ಮೀರಿಹೋಗುವವರು ಹೆಚ್ಚಾಗಿ ಫಸ್ಟ್ ಬೇಸ್‌ಮನ್‌ಗಳು ಮತ್ತು ಸೇವ್ ಮಾಡುವ ಕ್ಲೋಸರ್‌ಗಳು.

ದುಡ್ಡಿಗೆ ಬಂದರೆ, ಮಾರುಕಟ್ಟೆಯಲ್ಲಿ ಒಂದು ವಾರ್‌ಗೆ ನಾನು 85 ಲಕ್ಷ ಡಾಲರ್ ಹಿಡಿಯುತ್ತೇನೆ. 30 ದಾಟಿದವರಿಗೆ ವರ್ಷಕ್ಕೆ ಅರ್ಧ ವಾರ್ ಇಳಿಕೆ. ನಮ್ಮವನಿಗೆ 2.2, 1.7, 1.2, 0.7, ನಾಲ್ಕು ವರ್ಷಕ್ಕೆ 5.8, ಅಂದರೆ 4.93 ಕೋಟಿ. ಏಜೆಂಟ್ 8 ಕೋಟಿ ಕೇಳಿದರೆ ಕೊನೆಯ ಎರಡು ವರ್ಷ ಯಾರ ತಲೆಗೆ ಎಂದು ಕೇಳಬೇಕು. ಆದರೆ 88 ಗೆಲುವಿನ ಆಸುಪಾಸಿನಲ್ಲಿರುವ ತಂಡಕ್ಕೆ ಎರಡು ಗೆಲುವೆಂದರೆ ಪ್ಲೇಆಫ್ ಬಾಗಿಲು. 70 ಗೆಲುವಿನ ತಂಡಕ್ಕೆ ಏನೂ ಅಲ್ಲ. ಮೊದಲನೆಯದು 85 ಲಕ್ಷಕ್ಕಿಂತ ಹೆಚ್ಚು ಕೊಟ್ಟರೆ ನಾನು ತಪ್ಪೆನ್ನುವುದಿಲ್ಲ.

2025ರ ಕ್ವಾಲಿಫೈಯಿಂಗ್ ಆಫರ್ (ಒಪ್ಪಂದ ಮುಗಿದ ಆಟಗಾರನಿಗೆ ಅವನ ತಂಡ ಕೊಡಬಹುದಾದ ಒಂದು ವರ್ಷದ ನಿಗದಿತ ಸಂಬಳ) 2.2025 ಕೋಟಿ ಡಾಲರ್, ನನ್ನ ದರದಲ್ಲಿ 2.6 ವಾರ್. ನಮ್ಮ ಲೆಫ್ಟ್ ಫೀಲ್ಡರ್ ಅಷ್ಟಕ್ಕಿಲ್ಲ. ಒಪ್ಪಿಕೊಂಡುಬಿಟ್ಟರೆ ತಂಡಕ್ಕೆ ಹೊರೆ. ಟ್ರೆಂಟ್ ಗ್ರಿಷಮ್ 34 ಹೋಮ್ ರನ್ ಹೊಡೆದ ಮೇಲೆ ಯಾಂಕೀಸ್ ಆಫರ್ ಒಪ್ಪಿದ್ದು ಈ ಲೆಕ್ಕಕ್ಕೆ ಸರಿಹೊಂದುತ್ತದೆ: ಅದಕ್ಕೆ ಮುಂಚೆ ಅವನು ಯಾವ ವರ್ಷವೂ 17 ದಾಟಿರಲಿಲ್ಲ.

ಐಪಿಎಲ್ ನೋಡಿ ಬಂದವರು ತಂಡದ ಒಟ್ಟು ಸಂಬಳಕ್ಕೆ ಹಾಕಿದ ತೆರಿಗೆಯ ಗೆರೆಯಲ್ಲಿ ಎಡವುತ್ತಾರೆ. ಐಪಿಎಲ್ ಹರಾಜಿನಲ್ಲಿ ಪರ್ಸ್ ಖಾಲಿಯಾದರೆ ಬಿಡ್ ನಿಂತಿತು. ಇಲ್ಲಿ ಗೆರೆ ದಾಟಬಹುದು, ದಂಡ ಕಟ್ಟಬೇಕು. 2026ರ ಗೆರೆ 24.4 ಕೋಟಿ, ದಾಟಿದ ಮೊತ್ತಕ್ಕೆ ಮೊದಲ ವರ್ಷ ಶೇ 20, ಸತತ ಎರಡನೆಯದಕ್ಕೆ 30, ಮೂರರಿಂದ 50. ಗೆರೆಗಿಂತ 6 ಕೋಟಿ ಮೇಲೆ ಹೋದರೆ ಇನ್ನೂ ಶೇ 60, ಅಂದರೆ ಸತತ ಮೂರನೇ ವರ್ಷವೂ ದಾಟಿದ ತಂಡಕ್ಕೆ ಅದರ ಮೇಲಿನ ಒಂದು ಡಾಲರ್ ಸಂಬಳಕ್ಕೆ ಒಟ್ಟು 2.10 ಖರ್ಚು. ಲೆಕ್ಕಕ್ಕೆ ಬರುವುದು ಈ ವರ್ಷ ಕೈಗೆ ಸಿಗುವ ಹಣವಲ್ಲ, ಒಪ್ಪಂದದ ವಾರ್ಷಿಕ ಸರಾಸರಿ. ಡಾಡ್ಜರ್ಸ್ ತಂಡದ ಓಹ್ತಾನಿಗೆ ವರ್ಷಕ್ಕೆ 20 ಲಕ್ಷ ಅಷ್ಟೇ ಕೊಡುತ್ತಾರೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. 70 ಕೋಟಿಯಲ್ಲಿ 68 ಮುಂದೂಡಿದ್ದರೂ ತೆರಿಗೆಗೆ ವರ್ಷಕ್ಕೆ ಸುಮಾರು 4.6 ಕೋಟಿ ಹಿಡಿಯುತ್ತಾರೆ. ಆಟಗಾರರ ಸಂಬಳವಷ್ಟೇ ಕೂಡಿಸಿ 'ಇನ್ನೂ ಜಾಗ ಇದೆ' ಎನ್ನುವುದೂ ತಪ್ಪು. ವಿಮೆ, ಪಿಂಚಣಿ ಇತ್ಯಾದಿಗೆ ಸುಮಾರು 1.7 ಕೋಟಿ, ಎಳೆಯರ ಬೋನಸ್ ನಿಧಿಗೆ 16.7 ಲಕ್ಷ ಪ್ರತಿ ತಂಡದ ಲೆಕ್ಕಕ್ಕೂ ಸೇರುತ್ತದೆ.

ತಂಡ ತನಗೆಂದು ಕಾಯ್ದಿಟ್ಟುಕೊಳ್ಳುವ 40 ಜನರ ಪಟ್ಟಿಯ ಕಡೆಯ ಎರಡು-ಮೂರು ಜಾಗಗಳಿಗೆ ವಾರ್ ಬೇಡ. ಕೆಳ ಹಂತದ ಮೈನರ್ ಲೀಗ್‌ಗೆ ಇಳಿಸಲು ಆಪ್ಷನ್ ವರ್ಷ ಉಳಿದಿದೆಯೇ ನೋಡಿದರೆ ಸಾಕು. ಆಪ್ಷನ್ ಇಲ್ಲದ ರಿಲೀಫ್ ಪಿಚರ್‌ನನ್ನು (ಪಂದ್ಯದ ನಡುವೆ ಬರುವ ಎಸೆತಗಾರ) ಉಳಿಸಿಕೊಳ್ಳಲು ಹೋಗಿ ರೂಲ್ 5 ಡ್ರಾಫ್ಟ್‌ಗೆ (40ರ ಪಟ್ಟಿಯ ಹೊರಗಿರುವವರನ್ನು ಬೇರೆ ತಂಡಗಳು ಆರಿಸಿಕೊಳ್ಳುವ ಸುತ್ತು) ಒಳ್ಳೆ ಹುಡುಗನನ್ನು ತೆರೆದಿಟ್ಟರೆ, ಬೇರೆ ತಂಡ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಂಡು ಹೋಗುತ್ತದೆ. ಆದರೂ ಆ ತಂಡ ಋತುವಿಡೀ ಅವನನ್ನು ಪಂದ್ಯ ಆಡುವ 26ರ ಪಟ್ಟಿಯಲ್ಲೇ ಇಟ್ಟುಕೊಳ್ಳಬೇಕು. ಹಾಗಾಗಿ ಮೈನರ್ ಲೀಗ್‌ನ ಕೆಳಗಿನ ಎ ಮಟ್ಟದಲ್ಲಿರುವ ಕಚ್ಚಾ ಶಾರ್ಟ್‌ಸ್ಟಾಪ್ ಬಗ್ಗೆ ನನಗೆ ಅಷ್ಟು ಹೆದರಿಕೆಯಿಲ್ಲ, ಅದಕ್ಕಿಂತ ಮೇಲಿನ ಡಬಲ್ ಎ ಮಟ್ಟದಲ್ಲಿ ವೇಗವಾಗಿ ಎಸೆಯುವ ಪಿಚರ್ ಬಗ್ಗೆ ಇದೆ.

ಪಿಚರ್‌ಗಳಿಗೆ ಫ್ಯಾನ್‌ಗ್ರಾಫ್ಸ್, ಬೇಸ್‌ಬಾಲ್ ರೆಫರೆನ್ಸ್ ಎರಡು ತಾಣಗಳ ವಾರ್ ಬೇರೆಬೇರೆ ಬರುತ್ತದೆ. ಮೊದಲನೆಯದು ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಮೇಲೆ, ಎರಡನೆಯದು ನಿಜಕ್ಕೂ ಬಿಟ್ಟುಕೊಟ್ಟ ರನ್‌ಗಳ ಮೇಲೆ ನಿಂತದ್ದು. ಮುಂದಿನ ವರ್ಷದ ಅಂದಾಜಿಗೆ ನಾನು ಮೊದಲನೆಯದಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು ಪಾಲು ಕೊಡುತ್ತೇನೆ. ಲೀಗ್‌ಗೂ ಆಟಗಾರರ ಸಂಘಕ್ಕೂ ಈಗಿರುವ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುವುದರಿಂದ 2027ರಿಂದಾಚೆಯ ತೆರಿಗೆ ಕಾಲಂಗಳನ್ನು ಸದ್ಯ ಖಾಲಿ ಬಿಟ್ಟಿದ್ದೇನೆ.